ಹೃದಯದ ಕ್ಯಾನ್ಸರಲ್ಲದ ಗಡ್ಡೆಯಿಂದ ರಕ್ತನಾಳಗಳಲ್ಲಿ ಉಂಟಾಗುವ ಅಡಚಣೆ: ಸಾರ್ವಜನಿಕರಿಗೆ ಮಾಹಿತಿ

ಪಾರ್ಶ್ವವಾಯು ಉಂಟಾದಾಗ ಅಥವಾ ಕಾಲಿನ ರಕ್ತಸಂಚಾರ ಹಠಾತ್ತನೆ ನಿಂತಾಗ, ಅದಕ್ಕೆ ರಕ್ತದೊತ್ತಡ, ಮಧುಮೇಹ ಅಥವಾ ಧೂಮಪಾನವೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಇವು ಯಾವುವೂ ಇಲ್ಲದವರಲ್ಲಿಯೂ ಇಂತಹ ಅಡಚಣೆ ಉಂಟಾಗುವುದುಂಟು. ಅದರ ವಿರಳ ಕಾರಣಗಳಲ್ಲಿ ಹೃದಯದೊಳಗೆ ಬೆಳೆಯುವ ‘ಮಿಕ್ಸೋಮ’ ಎಂಬ ಗಡ್ಡೆಯೂ ಒಂದು. ಇದು ಕ್ಯಾನ್ಸರ್ ಅಲ್ಲ. ಆದರೂ ಇರುವ ಸ್ಥಳದ ಕಾರಣದಿಂದ ಅಪಾಯಕಾರಿಯಾಗಿದೆ.

ಮಿಕ್ಸೋಮ ಎಂದರೇನು?

ವಯಸ್ಕರ ಹೃದಯದಲ್ಲಿ ಹುಟ್ಟುವ ಕ್ಯಾನ್ಸರಲ್ಲದ ಗಡ್ಡೆಗಳಲ್ಲಿ ಮಿಕ್ಸೋಮ ಪ್ರಮುಖವಾದುದು. ಸುಮಾರು ನಾಲ್ಕರಲ್ಲಿ ಮೂರು ಪ್ರಕರಣಗಳಲ್ಲಿ ಇದು ಎಡ ಹೃತ್ಕರ್ಣದಲ್ಲಿರುತ್ತದೆ. ಸಾಮಾನ್ಯವಾಗಿ ಎರಡು ಹೃತ್ಕರ್ಣಗಳ ನಡುವಿನ ಗೋಡೆಗೆ ತೊಟ್ಟಿನ ಮೂಲಕ ಅಂಟಿಕೊಂಡಿರುತ್ತದೆ. 30ರಿಂದ 60 ವರ್ಷದವರಲ್ಲಿ, ಅದರಲ್ಲಿಯೂ ಮಹಿಳೆಯರಲ್ಲಿ, ಹೆಚ್ಚಾಗಿ ಕಂಡುಬರುತ್ತದೆ. ಕೆಲವು ಕುಟುಂಬಗಳಲ್ಲಿ ಇದು ಆನುವಂಶಿಕವಾಗಿರುತ್ತದೆ.

ಅಡಚಣೆ ಹೇಗೆ ಉಂಟಾಗುತ್ತದೆ?

ಗಡ್ಡೆಯು ಲೋಳೆಯಂತೆ ಮೃದುವಾಗಿದ್ದು, ಹೃದಯದ ಪ್ರತಿ ಬಡಿತಕ್ಕೂ ಅಲುಗಾಡುತ್ತದೆ. ಅದರ ಚೂರುಗಳು ಅಥವಾ ಅದರ ಮೇಲೆ ಹೆಪ್ಪುಗಟ್ಟಿದ ರಕ್ತ ಕಳಚಿಕೊಂಡಲ್ಲಿ, ಎಡ ಹೃತ್ಕುಕ್ಷಿ ಮತ್ತು ಮಹಾಪಧಮನಿಯ ಮೂಲಕ ದೇಹದ ಯಾವುದೇ ಭಾಗವನ್ನು ತಲುಪಬಹುದು. ಮಿದುಳಿನ ರಕ್ತನಾಳದಲ್ಲಿ ಸಿಲುಕಿದರೆ ಪಾರ್ಶ್ವವಾಯು, ಕಣ್ಣಿನಲ್ಲಿ ಸಿಲುಕಿದರೆ ದೃಷ್ಟಿನಾಶ, ಕಾಲಿನಲ್ಲಿ ಸಿಲುಕಿದರೆ ಕೊಳೆತ ಉಂಟಾಗುವ ಸಂಭವವಿದೆ.

ಇತರ ಲಕ್ಷಣಗಳು

• ಏದುಸಿರು, ತಲೆಸುತ್ತು ಅಥವಾ ಪ್ರಜ್ಞೆ ತಪ್ಪುವುದು. ಕೆಲವರಲ್ಲಿ ದೇಹದ ಭಂಗಿ ಬದಲಾದಾಗ ಇವು ಹೆಚ್ಚಾಗುತ್ತವೆ.
• ಬಹುದಿನಗಳ ಜ್ವರ, ತೂಕ ಇಳಿಕೆ, ಕೀಲುನೋವು.

ಗಡ್ಡೆಯು ದ್ವಿದಳ ಕವಾಟಕ್ಕೆ ಅಡ್ಡಬಂದಾಗ, ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾದಂತೆಯೇ ತೋರಬಹುದು. ಆದ್ದರಿಂದ ಎಕೋ ಪರೀಕ್ಷೆ ಅಗತ್ಯ.

ಪತ್ತೆ ಮತ್ತು ಚಿಕಿತ್ಸೆ

ಶಬ್ದಾತೀತ ತರಂಗಗಳನ್ನು ಬಳಸುವ ಎಕೋಕಾರ್ಡಿಯೋಗ್ರಾಂ ಪರೀಕ್ಷೆಯಿಂದ ಗಡ್ಡೆಯ ಗಾತ್ರ ಮತ್ತು ಚಲನೆಯನ್ನು ನೋವಿಲ್ಲದೆ ತಿಳಿಯಬಹುದು. ಇ.ಸಿ.ಜಿ. ಪರೀಕ್ಷೆಯೊಂದರಿಂದಲೇ ಇದು ಪತ್ತೆಯಾಗುವುದಿಲ್ಲ. ಕಾಲಿನ ರಕ್ತನಾಳದಿಂದ ಹೊರತೆಗೆದ ಹೆಪ್ಪನ್ನು ಸೂಕ್ಷ್ಮದರ್ಶಕ ಪರೀಕ್ಷೆಗೆ ಒಳಪಡಿಸಿದಾಗಲೂ ಮಿಕ್ಸೋಮದ ಅಂಶ ಪತ್ತೆಯಾಗುವುದುಂಟು.

ರಕ್ತ ತೆಳುವಾಗಿಸುವ ಔಷಧಗಳಿಂದ ಗಡ್ಡೆ ಕರಗುವುದಿಲ್ಲ. ಶಸ್ತ್ರಚಿಕಿತ್ಸೆಯ ಮೂಲಕ ಅದನ್ನು ಬುಡಸಹಿತ ತೆಗೆಯುವುದೇ ಸೂಕ್ತ ಚಿಕಿತ್ಸೆ. 1954ರಲ್ಲಿ ಸ್ವೀಡನ್ನಿನ ಶಸ್ತ್ರವೈದ್ಯ ಕ್ಲಾರೆನ್ಸ್ ಕ್ರಾಫೂರ್ಡ್ ಅವರು ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಇದನ್ನು ಮೊದಲ ಬಾರಿಗೆ ಯಶಸ್ವಿಯಾಗಿ ನೆರವೇರಿಸಿದರು. ಗಡ್ಡೆ ಮತ್ತೆ ಬೆಳೆಯುವುದು ವಿರಳವಾದರೂ, ವೈದ್ಯರು ಸೂಚಿಸಿದ ಅವಧಿಗಳಲ್ಲಿ ಎಕೋ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಆನುವಂಶಿಕ ಪ್ರಕರಣಗಳಲ್ಲಿ ರಕ್ತಸಂಬಂಧಿಗಳೂ ಪರೀಕ್ಷೆಗೆ ಒಳಗಾಗುವುದು ಸೂಕ್ತ.

ನಾಗರಿಕರು ಗಮನಿಸಬೇಕಾದ ಅಂಶಗಳು

1. ಮುಖ ಸೊಟ್ಟಗಾಗುವುದು, ಕೈಕಾಲು ಬಲಹೀನವಾಗುವುದು, ಮಾತು ತೊದಲುವುದು ಅಥವಾ ಕಾಲು ಹಠಾತ್ತನೆ ತಣ್ಣಗಾಗಿ ತೀವ್ರ ನೋವು ಬರುವುದು ಕಂಡುಬಂದಲ್ಲಿ, ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ಲಕ್ಷಣ ಆರಂಭವಾದ ಸಮಯವನ್ನು ವೈದ್ಯರಿಗೆ ತಿಳಿಸಬೇಕು.
2. ಪಾರ್ಶ್ವವಾಯುವಿಗೆ ಕಾರಣ ತಿಳಿಯದಿದ್ದಲ್ಲಿ, ಎಕೋ ಪರೀಕ್ಷೆಯಾಗಿದೆಯೇ ಎಂದು ವೈದ್ಯರನ್ನು ವಿಚಾರಿಸಬೇಕು. ಕೈಕಾಲುಗಳ ಶಕ್ತಿ ಮರಳಿದ ಮಾತ್ರಕ್ಕೆ ಕಾರಣ ನಿವಾರಣೆಯಾಯಿತೆಂದು ಭಾವಿಸಬಾರದು.
3. ಹಿಂದಿನ ಎಲ್ಲ ವರದಿಗಳನ್ನು ಜೋಪಾನವಾಗಿಟ್ಟು, ಪ್ರತಿ ಭೇಟಿಯಲ್ಲಿಯೂ ಹಾಜರುಪಡಿಸಬೇಕು.
4. ಚಿಕಿತ್ಸಾ ವೆಚ್ಚದ ನೆರವಿನ ಬಗ್ಗೆ, ಪಡಿತರ ಚೀಟಿ ಹಾಗೂ ಆಧಾರ್ ಚೀಟಿಯೊಂದಿಗೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು.