ಬಾಟಲಿಯ ನಂಬಿಕೆ, ಪೀಪಾಯಿಯ ರುಚಿ

ಕರ್ನಾಟಕದ ಭೂಪಟದಲ್ಲಿ ನೆತ್ತಿಯ ಸ್ಥಾನ ಬೀದರ ಜಿಲ್ಲೆಯ ಔರಾದ ತಾಲೂಕಿನದು. ಅಲ್ಲಿಯ ಡಾಬಕಾ ಹೋಬಳಿಯವರಿಗೆ ಮಹಾರಾಷ್ಟ್ರದ ಗಡಿ ಹತ್ತಿರ. ರಾಜಧಾನಿ ಬೆಂಗಳೂರಾದರೋ 700 ಕಿಲೋಮೀಟರಿಗೂ ಆಚೆ. ಎರಡು ಕಡೆಯ ಮಾತಿನ ಧಾಟಿ ಬೇರೆ, ಊಟ ಬೇರೆ, ಬಿಸಿಲಂತೂ ಬೇರೆಯೇ. ಆದರೆ ಒಂದು ವಸ್ತುವಿನಲ್ಲಿ ಮಾತ್ರ ಭೇದವೆಂಬುದೇ ಇಲ್ಲ. ಬೀದರ, ಭಾಲ್ಕಿ, ಔರಾದಗಳ ಪೇಟೆಯಲ್ಲಿ ದೊರೆಯುವ ಬೀರಿನ ಬಾಟಲಿಗೂ ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ದೊರೆಯುವ ಅದೇ ಹೆಸರಿನ ಬಾಟಲಿಗೂ ಬಣ್ಣದಲ್ಲಾಗಲಿ, ನೊರೆಯಲ್ಲಾಗಲಿ, ರುಚಿಯಲ್ಲಾಗಲಿ ಕುಡಿಯುವವನಿಗೆ ಅಂತರ ತೋರದು.

ಅದೇ ಬೆಂಗಳೂರಿನಲ್ಲಿ ಈಗ ಹದಿನೈದು ವರ್ಷಗಳಿಂದೀಚೆಗೆ ಮತ್ತೊಂದು ಬಗೆಯ ಬೀರು ಹೆಸರು ಮಾಡಿದೆ. ಚಿಕ್ಕ ಚಿಕ್ಕ ಬ್ರೂವರಿಗಳಲ್ಲಿ, ಗಿರಾಕಿಯ ಕಣ್ಣೆದುರಿನಲ್ಲೇ, ಸ್ವಲ್ಪ ಸ್ವಲ್ಪವಾಗಿ ತಯಾರಾಗುವ ಈ ಪಾನೀಯಕ್ಕೆ ಕ್ರಾಫ್ಟ್ ಬೀರು ಎಂದು ಹೆಸರು. ಇದರ ರಸಿಕರು ಕಾರ್ಖಾನೆಯ ಬಾಟಲಿಯನ್ನು ಕಂಡರೆ ಮೂಗು ಮುರಿಯುವುದುಂಟು. "ಅದರಲ್ಲಿ ರುಚಿಯೆಲ್ಲಿದೆ? ತಣ್ಣಗಿರುವ ಹಳದಿ ನೀರು!" ಎಂದು ಹೀಗಳೆಯುವುದುಂಟು. ಆದರೂ ದೇಶದಲ್ಲಿ ಮಾರಾಟವಾಗುವ ಬೀರಿನಲ್ಲಿ ಸಿಂಹಪಾಲು ಆ ಕಾರ್ಖಾನೆಯ ಬೀರಿನದೇ. ಇದಕ್ಕೆ ಕಾರಣವೇನು? ಬೆಲೆ ಕಡಿಮೆಯೆಂದೇ? ಜನರ ನಾಲಿಗೆಗೆ ಸಂಸ್ಕಾರ ಸಾಲದೆಂದೇ? ವಿಷಯ ಅಷ್ಟು ಸರಳವಲ್ಲ.

ಚೌಕದಲ್ಲಿ ಚೆಲ್ಲಿದ ಪೀಪಾಯಿಗಳು

ಬೀರು ಮೂಲತಃ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯ ಪಾನೀಯ. ಮನೆಯಲ್ಲಿ ರಾಗಿಯನ್ನು ಮೊಳಕೆ ಬರಿಸಿ ಮಾಲ್ಟ್ ಮಾಡುವ ಕ್ರಮವೇ ಇಲ್ಲಿಯೂ ಮೊದಲ ಹಂತ. ಆ ಧಾನ್ಯವನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿರಸ ತೆಗೆದು, ಹಾಪ್ಸ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ, ಆರಿದ ಮೇಲೆ ಯೀಸ್ಟ್ ಬೆರೆಸಿದರೆ ರಸ ಹುದುಗುತ್ತದೆ. ಬೆಚ್ಚಗಿನ ವಾತಾವರಣದಲ್ಲಿ ಕೆಲವೇ ದಿನಗಳಲ್ಲಿ ಹುದುಗುವುದು ಏಲ್. ತಣ್ಣಗಿನ ಸ್ಥಳದಲ್ಲಿ ನಿಧಾನವಾಗಿ ಹುದುಗಿ, ಬಳಿಕ ವಾರಗಟ್ಟಲೆ ಶೀತದಲ್ಲಿ ಮಾಗುವುದು ಲಾಗರ್. ಜರ್ಮನ್ ಭಾಷೆಯಲ್ಲಿ 'ಲಾಗರ್ನ್' ಎಂದರೆ ಕೂಡಿಡುವುದು ಎಂದರ್ಥ. ಬವೇರಿಯದವರು ಚಳಿಗಾಲದ ಬೀರನ್ನು ನೆಲಮಾಳಿಗೆಗಳಲ್ಲಿ ಕೂಡಿಟ್ಟು ಬೇಸಿಗೆಗೆ ಕಾಯುತ್ತಿದ್ದುದರಿಂದ ಈ ಹೆಸರು ಬಂದಿತು.

ಇಂದು ಲೋಕವನ್ನೆಲ್ಲ ವ್ಯಾಪಿಸಿರುವ ಹೊಂಬಣ್ಣದ ಲಾಗರ್ ಹುಟ್ಟಿದ್ದು ಬೊಹೀಮಿಯದ ಪಿಲ್ಸೆನ್ ಪಟ್ಟಣದಲ್ಲಿ. ಅದರ ಹುಟ್ಟಿಗೆ ಕಾರಣ ಜನರ ಸಿಟ್ಟು! ಅಲ್ಲಿನ ಬೀರು ಒಂದು ಬಾರಿ ಚೆನ್ನಾಗಿದ್ದರೆ ಇನ್ನೊಂದು ಬಾರಿ ಬಾಯಿಗಿಡಲಾಗದಷ್ಟು ಕೆಟ್ಟಿರುತ್ತಿತ್ತು. 1838ರಲ್ಲಿ ಬೇಸತ್ತ ಪುರಜನರು ಕೆಟ್ಟ ಬೀರಿನ 36 ಪೀಪಾಯಿಗಳನ್ನು ಊರ ನಡುವಿನ ಚೌಕದಲ್ಲಿ ಬಹಿರಂಗವಾಗಿ ಚೆಲ್ಲಿಸಿದರು. ಅನಂತರ ಎಲ್ಲರೂ ಸೇರಿ ಹೊಸ ಬ್ರೂವರಿಯೊಂದನ್ನು ಕಟ್ಟಿ, ಬವೇರಿಯದಿಂದ ಯೋಸೆಫ್ ಗ್ರೋಲ್ ಎಂಬ ಕುಶಲಿಯನ್ನು ಕರೆಸಿದರು. 1842ರಲ್ಲಿ ಆತ ಆ ಊರಿನ ಮೃದುವಾದ ನೀರು, ತಿಳಿಬಣ್ಣದ ಮಾಲ್ಟ್ ಹಾಗೂ ನೆರೆಪ್ರಾಂತದ ಹಾಪ್ಸ್ ಹೂಗಳಿಂದ ತೆಗೆದ ಬೀರು ಗಾಜಿನ ಲೋಟದಲ್ಲಿ ಚಿನ್ನದಂತೆ ಹೊಳೆಯಿತು.

ಆ ಕೌಶಲವನ್ನು ಊರೂರಿಗೆ ಒಯ್ದದ್ದು ವಿಜ್ಞಾನ. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯ ಶೀತಕಯಂತ್ರ ಬಂದಿತು. ಚಳಿಗಾಲಕ್ಕಾಗಿ ಕಾಯುವ ಅಗತ್ಯ ತಪ್ಪಿತು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಜೀವಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸುವ ವಿಧಾನ ಕಂಡುಹಿಡಿದನು. ಆ ಸಂಸ್ಥೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಇತರರಿಗೂ ಹಂಚಿತು. ಇಂದಿನ ಬೀರು ನಿನ್ನೆಯ ಬೀರಿನಂತೆಯೇ ಇರುವುದು ಹೀಗೆ ಸಾಧ್ಯವಾಯಿತು. ಕಾರ್ಖಾನೆಯ ಬೀರಿನ ಏಕರೂಪತೆಯನ್ನು ಇಂದು ಹಳಿಯುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಆ ಏಕರೂಪತೆ ಕೆಟ್ಟ ಬೀರನ್ನು ಕುಡಿದು ಬೇಸತ್ತ ಜನ ಬೇಡಿ ಪಡೆದ ವರ.

ವಿಠಲ ಮಲ್ಯ ರಸ್ತೆಯ ಎರಡು ಬೀರುಗಳು

ಕನ್ನಡ ನಾಡಿಗೆ ಬೀರು ಬಂದದ್ದು ಬ್ರಿಟಿಷ್ ದಂಡಿನೊಡನೆ. ಬೆಂಗಳೂರಿನ ಕಂಟೋನ್ಮೆಂಟ್, ನೀಲಗಿರಿಯ ಗಿರಿಧಾಮಗಳ ಸಿಪಾಯಿಗಳಿಗಾಗಿ ಹಲವು ಸಣ್ಣ ಬ್ರೂವರಿಗಳು ಹುಟ್ಟಿಕೊಂಡವು. ಅವುಗಳಲ್ಲಿ ಕ್ಯಾಸಲ್ ಬ್ರೂವರಿ 1857ರಷ್ಟು ಹಳೆಯದು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ಇಂತಹ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಕಟ್ಟಿದನು. ಸ್ವಾತಂತ್ರ್ಯ ಬಂದ 1947ರಲ್ಲಿ ಬಂಟ್ವಾಳ ಮೂಲದ ವಿಠಲ ಮಲ್ಯರು ಅದರ ನಿರ್ದೇಶಕರಾದರು, ಮರುವರ್ಷವೇ ಅಧ್ಯಕ್ಷರಾದರು. ದಂಡಿನವರ ಪಾನೀಯ ನಾಗರಿಕರ ಪಾನೀಯವಾಗತೊಡಗಿದ್ದು ಅವರ ಕಾಲದಲ್ಲಿ. 1978ರಲ್ಲಿ ಕಿಂಗ್‌ಫಿಷರ್ ಲಾಗರ್ ಪೇಟೆಗಿಳಿಯಿತು. ಮಿಂಚುಳ್ಳಿಯ ಚಿತ್ರವಿರುವ ಆ ಬಾಟಲಿ ಕಾಲಕ್ರಮದಲ್ಲಿ ದೇಶದ ಮನೆಮಾತಾಯಿತು. 2021ರಲ್ಲಿ ಆ ಸಂಸ್ಥೆಯ ಹಿಡಿತ ಹಾಲೆಂಡಿನ ಹೈನೆಕೆನ್ ಕಂಪೆನಿಯ ಕೈಸೇರಿದರೂ ಬಾಟಲಿಯ ಮೇಲಿನ ಹಕ್ಕಿ ಹಾರಿಹೋಗಲಿಲ್ಲ.

ಬೆಂಗಳೂರಿನ ಹಳೆಯ ಗ್ರಾಂಟ್ ರಸ್ತೆಗೆ ಈಗ ವಿಠಲ ಮಲ್ಯ ರಸ್ತೆಯೆಂದು ಹೆಸರು. ಸಂಸ್ಥೆಯ ಹಳೆಯ ಬ್ರೂವರಿಯಿದ್ದ ನಿವೇಶನದಲ್ಲಿ ಯು.ಬಿ. ಸಿಟಿಯ ಗೋಪುರಗಳೆದ್ದಿವೆ. ವಿಧಿಯ ವಿನೋದವೆಂದರೆ, ಕಾರ್ಖಾನೆ ಬೀರಿನ ಧುರೀಣರ ಹೆಸರು ಹೊತ್ತ ಅದೇ ರಸ್ತೆಯಲ್ಲಿ 2011ರಲ್ಲಿ ದಿ ಬಿಯರ್ ಕ್ಲಬ್ ಎಂಬ ಕ್ರಾಫ್ಟ್ ಬ್ರೂವರಿ ಬಾಗಿಲು ತೆರೆಯಿತು! ಇಂದಿರಾನಗರದ ಟಾಯ್ಟ್ ಕೂಡ ಸುಮಾರು ಅದೇ ಹೊತ್ತಿನದು. ಮುಂದೆ ನಗರದ ಬಡಾವಣೆ ಬಡಾವಣೆಗಳಲ್ಲಿ ಇಂತಹ ಸ್ಥಳಗಳು ತಲೆಯೆತ್ತಿದವು.

ಅಲ್ಲಿಗೆ ಹೋದವರಿಗೆ ಮೊದಲು ಕಾಣುವುದು ಗಾಜಿನ ಗೋಡೆಯಾಚೆಯ ಹಂಡೆಗಳು. ಗೋಧಿಯ ಬೀರು, ಕಾಫಿಯಂತೆ ಕಪ್ಪಾದ ಸ್ಟೌಟ್, ಹಾಪ್ಸಿನ ಕಹಿ ಹೆಚ್ಚಿರುವ ಪೇಲ್ ಏಲ್, ಮಾವಿನ ಕಾಲದಲ್ಲಿ ಮಾವಿನ ಬೀರು, ಬಾಸ್ಮತಿ ಅಕ್ಕಿ ಬೆರೆತ ಬೀರು, ಹೀಗೆ ಬಗೆಬಗೆ. ಅವುಗಳನ್ನು ಸಾಮಾನ್ಯವಾಗಿ ಬಾಟಲಿಗೆ ತುಂಬಿ ಕಾಯಿಸಿ ಬಹುಕಾಲ ಕಾಪಿಡುವ ಏರ್ಪಾಡಿಲ್ಲ. ತಾಜಾ ಇರುವಾಗಲೇ ಮುಗಿಯಬೇಕು. ಬೀದರದ ಬಿದರಿ ಕುಸುರಿಯವನು ಸತು ತಾಮ್ರಗಳ ಎರಕದ ಮೇಲೆ ಬೆಳ್ಳಿಯ ಎಳೆ ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಹೂದಾನಿ ಮತ್ತೊಂದು ಹೂದಾನಿಯಂತೆ ಇರುವುದಿಲ್ಲ; ಅದೇ ಅದರ ಬೆಲೆ. ಕ್ರಾಫ್ಟ್ ಬೀರಿನ ಆಕರ್ಷಣೆಯೂ ಅಂತಹುದೇ. ಆದರೆ ದಿನನಿತ್ಯ ನೀರು ಕುಡಿಯಲು ಯಾರೂ ಬಿದರಿಯ ಪಾತ್ರೆಯನ್ನು ಹುಡುಕುವುದಿಲ್ಲವಷ್ಟೆ.

ತಿಳಿಸಾರಿನ ಪರೀಕ್ಷೆ

ಲಾಗರ್ ಸಪ್ಪೆಯೆಂಬ ಆಕ್ಷೇಪಣೆಯಲ್ಲಿ ಸತ್ಯವಿಲ್ಲದೆ ಇಲ್ಲ. ಕಾರ್ಖಾನೆಗಳು ಬಾರ್ಲಿಯೊಡನೆ ಅಕ್ಕಿ, ಸಕ್ಕರೆಗಳನ್ನೂ ಬಳಸುತ್ತವೆ. ಇದರಿಂದ ಖರ್ಚೂ ಇಳಿಯುತ್ತದೆ, ಬೀರೂ ಹಗುರವಾಗುತ್ತದೆ. ಆದರೆ ಅಡುಗೆ ಬಲ್ಲ ಗೃಹಿಣಿಗೆ ಒಂದು ಮರ್ಮ ಗೊತ್ತು. ಮಸಾಲೆಯ ಪಲ್ಯದಲ್ಲಿ ಸಣ್ಣ ತಪ್ಪು ಅಡಗಿಹೋಗುತ್ತದೆ, ತಿಳಿಸಾರಿನಲ್ಲಿ ಅಡಗದು. ಕಹಿ, ಹಣ್ಣು, ಹುರಿದ ಧಾನ್ಯಗಳ ಘಮ ತುಂಬಿದ ಏಲಿನಲ್ಲಿ ಹುದುಗಿನ ದೋಷ ಎದ್ದು ಕಾಣದಿರಬಹುದು. ಹಗುರವಾದ ಲಾಗರಿನಲ್ಲಿ ಎಳ್ಳಷ್ಟು ದೋಷವೂ ನಾಲಿಗೆಗೆ ತಟ್ಟುತ್ತದೆ. ಸಾವಿರಾರು ಬಾಟಲಿಗಳಲ್ಲಿ ಒಂದೂ ತಪ್ಪದಂತೆ ಅದನ್ನು ತೆಗೆಯುವುದು ಸಣ್ಣ ವಿದ್ಯೆಯಲ್ಲ. ಕ್ರಾಫ್ಟ್ ಬ್ರೂವರಿಗಳಲ್ಲೇ ಅನೇಕವು ಈಚೆಗೆ ಲಾಗರ್ ತೆಗೆಯತೊಡಗಿರುವುದು ಆ ವಿದ್ಯೆಗೆ ಸಂದ ಗೌರವ.

ಮತ್ತೊಂದು ಗುಣವೂ ಇದೆ. ಲಾಗರ್ ತನ್ನತ್ತ ಗಮನ ಸೆಳೆಯುವುದಿಲ್ಲ. ಬಿಸಿಲಲ್ಲಿ ಬಳಲಿ ಬಂದವನಿಗೆ ತಂಪು, ಖಾರದ ಊಟಕ್ಕೆ ಜೊತೆ, ಗೆಳೆಯರ ಹರಟೆಗೆ ನೆವ. ಅದರ ಬಗ್ಗೆ ಚರ್ಚೆ ನಡೆಸಬೇಕಾದ ನಿರ್ಬಂಧವಿಲ್ಲ.

ಹೀಗೆಂದ ಮಾತ್ರಕ್ಕೆ ಜನರ ಆಯ್ಕೆಯೆಲ್ಲ ನಾಲಿಗೆಯದೇ ಎಂದು ತಿಳಿಯಬೇಕಿಲ್ಲ. 1964ರಲ್ಲಿ ಅಮೆರಿಕದ ಆಲಿಸನ್ ಮತ್ತು ಉಲ್ ಎಂಬ ಇಬ್ಬರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಲೇಬಲ್ ತೆಗೆದ ಬಾಟಲಿಗಳನ್ನು ಕೊಟ್ಟಾಗ ಕುಡಿಯುವವರು ತಮ್ಮ ಮೆಚ್ಚಿನ ಬೀರು ಯಾವುದೆಂದು ಗುರುತಿಸಲಾರದೆ ಹೋದರು. ಲೇಬಲ್ ಅಂಟಿಸಿ ಕೊಟ್ಟಾಗ ಅವರವರ ಬೀರು ಅವರವರಿಗೆ ಹೆಚ್ಚು ರುಚಿಸಿತು! ಅಂದರೆ ಬಾಟಲಿಯ ಹೆಸರಿನಲ್ಲಿಯೂ ಒಂದು ರುಚಿಯಿದೆ. ಆ ರುಚಿಯ ಹೆಸರೇ ನಂಬಿಕೆ.

ಸೇಂದಿಯ ಪಾಠ

ಈ ನಂಬಿಕೆಯ ಬೆಲೆಯೇನೆಂಬುದನ್ನು ಬೀದರ ಸೀಮೆ ಅನುಭವಿಸಿ ಬಲ್ಲದು. 1956ರವರೆಗೆ ಹೈದರಾಬಾದ್ ಸಂಸ್ಥಾನ, ರಾಜ್ಯಗಳ ಭಾಗವಾಗಿದ್ದ ಈ ನೆಲಕ್ಕೆ ತನ್ನದೇ ಆದ ಪಾನೀಯವೊಂದಿತ್ತು. ಅದು ಈಚಲ ಮರದ ಸೇಂದಿ. ಇಳಿಸಿದ ಹೊತ್ತಿನಲ್ಲಿ ಸಿಹಿ, ಹೊತ್ತೇರಿದಂತೆ ಹುಳಿ. ಮರಕ್ಕೊಂದು ರುಚಿ, ಋತುವಿಗೊಂದು ರುಚಿ. ಯಾವ ಕಾರ್ಖಾನೆಯ ನೆರವೂ ಇಲ್ಲದೆ ಗಾಳಿಯ ಯೀಸ್ಟಿನಿಂದಲೇ ಅದು ಹುದುಗುತ್ತದೆ. ಅದನ್ನು ಇಳಿಸುವ ಈಡಿಗರ ಕೈಚಳಕ ವಂಶಪಾರಂಪರ್ಯದ್ದು. ಇಂದು ನಗರದ ರಸಿಕರು ಕ್ರಾಫ್ಟ್ ಬೀರಿನಲ್ಲಿ ಅರಸುವ ತಾಜಾತನ, ನೆಲದ ಗುಣ, ಮಾಡಿದವನ ಪರಿಚಯ ಎಲ್ಲವೂ ಸೇಂದಿಯಲ್ಲಿದ್ದವು.

ಇಲ್ಲದಿದ್ದುದು ಮುದ್ರೆಯೊಂದೇ. ಬೇಡಿಕೆ ಹೆಚ್ಚಿ, ಮರಗಳು ಸಾಲದೆ ಬಂದಾಗ ವ್ಯಾಪಾರಿಗಳು ಕಲಬೆರಕೆಗೆ ಇಳಿದರು. ತೆಲಂಗಾಣ ಮತ್ತು ಅದರ ನೆರೆಯ ಕರ್ನಾಟಕದ ಜಿಲ್ಲೆಗಳಲ್ಲಿ ಕ್ಲೋರಲ್ ಹೈಡ್ರೇಟ್ ಎಂಬ ಮತ್ತಿನ ಔಷಧವನ್ನು ನೀರಿಗೆ ಬೆರೆಸಿ ಸೇಂದಿಯೆಂದು ಮಾರುವ ಕೆಟ್ಟ ಪದ್ಧತಿ ಬೆಳೆಯಿತು. ಕುಡಿದವರ ನರಮಂಡಲ ಕೆಟ್ಟಿತು. ಬಿಡಲೆತ್ನಿಸಿದರೆ ಕೈಕಾಲು ನಡುಕ, ಮತಿಭ್ರಮೆ. 2004ರಲ್ಲಿ ಕರಾವಳಿ ಸೀಮೆಯನ್ನು ಬಿಟ್ಟು ಉಳಿದೆಡೆ ಸರಕಾರ ಸೇಂದಿಯನ್ನು ನಿಷೇಧಿಸಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಈಡಿಗರ ಕುಲಕಸುಬಿಗೆ ಕುತ್ತು ಬಂದಿತು. ಕಲಬೆರಕೆ ಮಾಡಿದವರ ಪಾಪವನ್ನು ಮರವೇರಿದವರೂ ಉಣ್ಣಬೇಕಾಯಿತು.

ಆದ್ದರಿಂದ ಔರಾದಿನವನೊಬ್ಬ ಮೊಹರು ಮಾಡಿದ ಬಾಟಲಿಯನ್ನು ಕೈಗೆತ್ತಿಕೊಂಡರೆ ಅವನಿಗೆ ರುಚಿಯ ಸಂಸ್ಕಾರವಿಲ್ಲವೆನ್ನುವುದು ಅನ್ಯಾಯ. ಬೆಂಗಳೂರಿನ ಹಂಡೆಯ ಬೀರು ಅವನವರೆಗೆ ಬಾರದು; ತನ್ನ ಊರಿನ ಪಾನೀಯ ಕಾನೂನಿನಾಚೆ ಸರಿದಿದೆ. ಒಳಗೇನಿದೆಯೆಂದು ಹೆದರದೆ ಮುಚ್ಚಳ ತೆಗೆಯಬಹುದಾದ ಬಾಟಲಿ ಅವನಿಗೆ ಉಳಿದಿರುವ ಆಯ್ಕೆ. ಪಿಲ್ಸೆನ್ನಿನ ಚೌಕದಲ್ಲಿ ಪೀಪಾಯಿ ಚೆಲ್ಲಿಸಿದವರು ಬೇಡಿದ್ದೂ ಇದನ್ನೇ.

ಲೇಬಲ್ಲಿನ ಅಂಕಿ

ಆದರೆ ನಂಬಿಕೆ ಕುರುಡಾಗಬಾರದು. ಲಾಗರಿನ ಮೂಲಗುಣ ಹಗುರತನ. ಅದರ ಮದ್ಯಸಾರ ಶೇಕಡಾ 5ರ ಆಸುಪಾಸಿನದು. ನಮ್ಮ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವುದಾದರೋ ಶೇಕಡಾ 8ರವರೆಗೆ ಮದ್ಯಸಾರವಿರುವ 'ಸ್ಟ್ರಾಂಗ್' ಬೀರು. ಕೊಟ್ಟ ಹಣಕ್ಕೆ ಹೆಚ್ಚು ಅಮಲು ಎಂಬುದೇ ಅದರ ಆಕರ್ಷಣೆ.

ಇಲ್ಲಿ ಸ್ವಲ್ಪ ಲೆಕ್ಕ ಅಗತ್ಯ. 650 ಮಿಲಿಲೀಟರಿನ ಬಾಟಲಿಯಲ್ಲಿ ಶೇಕಡಾ 5ರಂತೆ ಇರುವ ಶುದ್ಧ ಮದ್ಯಸಾರ ಸುಮಾರು 32 ಮಿಲಿಲೀಟರ್. ಶೇಕಡಾ 8ರಂತಾದರೆ 52. ಶೇಕಡಾ 42.8ರ ವಿಸ್ಕಿಯ 60 ಮಿಲಿಲೀಟರಿನ ಪೆಗ್ಗಿನಲ್ಲಿರುವುದು ಸುಮಾರು 26. ಎಂದರೆ ಒಂದು ಬಾಟಲಿ ಸ್ಟ್ರಾಂಗ್ ಬೀರು ಎರಡು ದೊಡ್ಡ ಪೆಗ್ ವಿಸ್ಕಿಗೆ ಸಮ! "ಬರೀ ಬೀರು ತಾನೇ" ಎಂದು ಮನೆಯವರನ್ನು ಸಮಾಧಾನಪಡಿಸುವ ಯಜಮಾನರೂ, ಹಾಗೆಂದು ನಂಬುವ ಮನೆಯವರೂ ಈ ಲೆಕ್ಕವನ್ನು ಗಮನಿಸಬೇಕು. ಮದ್ಯಸಾರದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸಂಪೂರ್ಣ ನಿರಪಾಯವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿದೆ. ಕಾರ್ಖಾನೆಯದಾಗಲಿ, ಕ್ರಾಫ್ಟ್ ಆಗಲಿ, ಆ ಮಾತಿಗೆ ಯಾವ ಬೀರೂ ಹೊರತಲ್ಲ.

ಕಾರ್ಖಾನೆಯ ಲಾಗರ್ ದೊಡ್ಡದಾದದ್ದು ಎಲ್ಲೆಡೆಯೂ ಒಂದೇ ಆಗಿರುತ್ತೇನೆಂಬ ಮಾತನ್ನು ಉಳಿಸಿಕೊಂಡದ್ದರಿಂದ. ಕ್ರಾಫ್ಟ್ ಬೀರು ಮೆಚ್ಚುಗೆ ಪಡೆದದ್ದು ಎಲ್ಲೆಡೆಯೂ ಒಂದೇ ಆಗಿರಲಾರೆನೆಂಬ ಹಟದಿಂದ. ಬೀದರದ ಸೇಂದಿಗೆ ಎರಡನೆಯ ಗುಣವಿತ್ತು, ಮೊದಲನೆಯದು ದಕ್ಕಲಿಲ್ಲ. ಮರದ ರಸವನ್ನು ಪರೀಕ್ಷಿಸಿ, ಶುದ್ಧವೆಂದು ಮೊಹರೊತ್ತಿ ಮಾರುವ ವ್ಯವಸ್ಥೆ ಸಕಾಲದಲ್ಲಿ ಬಂದಿದ್ದರೆ, ಡಾಬಕಾದ ಜನರಿಗೂ ತಮ್ಮ ನೆಲದ ರುಚಿಯನ್ನು ನಿರ್ಭಯವಾಗಿ ಸವಿಯುವ ಭಾಗ್ಯ ಉಳಿಯುತ್ತಿತ್ತೋ ಏನೋ.