ಚುಕ್ಕಿಯಲ್ಲಿ ಲೆಕ್ಕ, ಲೆಕ್ಕದಲ್ಲಿ ಚಂದ

ಅಕ್ಕಾ, "ನಾನು ಶಾಲೆಗೆ ಹೋದವಳಲ್ಲ, ನನಗೆ ಲೆಕ್ಕ ಬರೋದಿಲ್ಲ" ಅಂತೀರಾ?

ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಇಡ್ತೀರಲ್ಲ, ಚುಕ್ಕಿ ಎಣಿಸದೆ ಇಡ್ತೀರಾ? ಒಂದು ಚುಕ್ಕಿ ಹೆಚ್ಚಾದರೂ ಎಳೆ ಕೂಡೋದಿಲ್ಲ. ಇದು ನಿಮಗೆ ಚೆನ್ನಾಗಿ ಗೊತ್ತು. ಕೌದಿ ಹೊಲಿಯುವವರು, ಚಾಪೆ ಹೆಣೆಯುವವರು ಕೂಡ ಎಣಿಸಿಯೇ ಕೆಲಸ ಮಾಡುತ್ತಾರೆ. ಅಂದ ಮೇಲೆ ಲೆಕ್ಕ ನಿಮ್ಮ ಕೈಯಲ್ಲೇ ಇದೆ. ಅದನ್ನು ಮಕ್ಕಳಿಗೆ ತೋರಿಸಬೇಕು, ಅಷ್ಟೆ.

ಲೆಕ್ಕ ಅಂದರೆ ಯಾಕೆ ಭಯ?

ಎಷ್ಟೋ ಮಕ್ಕಳು ಮಗ್ಗಿಯನ್ನು ಬರೀ ಬಾಯಿಪಾಠ ಮಾಡುತ್ತಾರೆ. ತಪ್ಪಿದರೆ ಬೈಗುಳ, ಏಟು. ಹೆದರಿದ ಮಗು ಪ್ರಶ್ನೆ ಕೇಳೋದಿಲ್ಲ. ಕೇಳದಿದ್ದರೆ ತಿಳಿಯೋದಿಲ್ಲ. ಕೊನೆಗೆ ಪರೀಕ್ಷೆಯಲ್ಲಿ ಲೆಕ್ಕದಲ್ಲೇ ಫೇಲು. ಹುಡುಗಿ ಫೇಲಾದರೆ "ಓದಿದ್ದು ಸಾಕು, ಮನೇಲಿರು" ಅನ್ನುವವರು ಉಂಟು. ಒಂದು ಭಯದಿಂದ ಅವಳ ಓದೇ ನಿಂತುಹೋಗುತ್ತದೆ.

ಈ ಭಯ ಬಿಡಿಸಲು ನಿಮ್ಮಿಂದ ಆಗುತ್ತದೆ.

ಚುಕ್ಕಿ ಇಟ್ಟು ನೋಡೋಣ

ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಗನನ್ನೂ ಕರೆಯಿರಿ. ನೆಲದ ಮೇಲೆ ಸಂದು ಚುಕ್ಕಿ ಇಡಿ. ರಂಗೋಲಿ ಪುಡಿ ಇಲ್ಲದಿದ್ದರೆ ಹುಣಸೆ ಬೀಜ ಸಾಕು. ಮೊದಲು 1, ಆಮೇಲೆ 2, 3, 4. ಮತ್ತೆ ಇಳಿಸುತ್ತಾ 3, 2, 1.

      ●
     ● ●
    ● ● ●
   ● ● ● ●
    ● ● ●
     ● ●
      ●

ಒಟ್ಟು ಎಷ್ಟು? ಒಂದೊಂದಾಗಿ ಎಣಿಸಿದರೆ 16.

ಈಗ ಅಡ್ಡ ಸಾಲು ಬಿಟ್ಟು ಓರೆ ಸಾಲು ನೋಡಿ. ಮೇಲಿನ ತುದಿಯಿಂದ ಎಡಕ್ಕೆ ಓರೆಯಾಗಿ ಇಳಿಯಿರಿ. 4 ಚುಕ್ಕಿ ಸಿಗುತ್ತದೆ. ಪಕ್ಕದ ಓರೆ ಸಾಲಿನಲ್ಲೂ 4. ಅಂಥ ಸಾಲು ಎಷ್ಟಿವೆ? ಅವೂ 4. ನಾಲ್ಕು ನಾಲ್ಕ್ಲಿ ಹದಿನಾರು! ಬಾಯಿಪಾಠದ ಮಗ್ಗಿ ನೆಲದ ಮೇಲೆ ಕಣ್ಣಿಗೇ ಕಾಣುತ್ತದೆ.

ಈಗ ನಡು ಸಾಲಿಗೆ 5 ಚುಕ್ಕಿ ಬರುವ ಹಾಗೆ ಇಡಬೇಕು. ಇಡುವ ಮೊದಲೇ ಕೇಳಿ: "ಒಟ್ಟು ಎಷ್ಟಾಗಬಹುದು?" ಮಗು ಯೋಚಿಸಲಿ. ಆಮೇಲೆ ಇಟ್ಟು ಎಣಿಸಲಿ. ಐದೈದ್ಲಿ 25.

ನಡು ಸಾಲು 10 ಆದರೆ? 1ರಿಂದ 10ರವರೆಗೆ ಹತ್ತಿ, ಮತ್ತೆ 1ಕ್ಕೆ ಇಳಿದರೆ ಒಟ್ಟು 100. ಇಷ್ಟು ಹೇಳಲು ಒಂದು ಚುಕ್ಕಿಯನ್ನೂ ಇಡಬೇಕಾಗಿಲ್ಲ. ಯಾಕೆ 100 ಅಂತಲೂ ಮಗು ಹೇಳಬಲ್ಲದು. ಲೆಕ್ಕದ ಚಂದ ಇದೇ.

ಹೆಂಗಸರ ಕಲೆ, ವಿದ್ವಾಂಸರ ಪಾಠ

ತಮಿಳುನಾಡಿನಲ್ಲಿ ರಂಗೋಲಿಗೆ ಕೋಲಂ ಅನ್ನುತ್ತಾರೆ. ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಎಂಬ ಮೂವರು ವಿದ್ವಾಂಸರು 1974ರಲ್ಲಿ ಕೋಲಂ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಚಿಕ್ಕ ಕೋಲಂ ದೊಡ್ಡದಾಗಿ ಬೆಳೆಯುವುದಕ್ಕೆ ನಿಯಮ ಇದೆ. ಆ ನಿಯಮವನ್ನು ಅವರು ಕಂಪ್ಯೂಟರ್ ಶಾಸ್ತ್ರದ ರೀತಿಯಲ್ಲಿ ಬರೆದು ತೋರಿಸಿದರು. ಹೆಂಗಸರು ದಿನಾ ಅಂಗಳದಲ್ಲಿ ಮಾಡುವ ಕೆಲಸದಲ್ಲಿ ಅಷ್ಟು ದೊಡ್ಡ ಲೆಕ್ಕ ಇದೆ!

ಮಕ್ಕಳ ಜೊತೆ ಹೀಗೆ ಮಾಡಿ

• ಉತ್ತರ ನೀವೇ ಹೇಳಿಬಿಡಬೇಡಿ. ಸ್ವಲ್ಪ ಕಾಯಿರಿ.
• ಉತ್ತರ ತಪ್ಪಾದರೆ ಬೈಯಬೇಡಿ. "ಇದು ಹೇಗೆ ಬಂತು, ತೋರಿಸು" ಅನ್ನಿ. ತೋರಿಸುವಾಗ ತಪ್ಪು ಎಲ್ಲಿದೆ ಅಂತ ಮಗುವಿಗೇ ಕಾಣಬಹುದು.
• ನಿಮಗೂ ತಿಳಿಯದಿದ್ದರೆ ನಾಚಿಕೆ ಬೇಡ. "ಬಾ, ಇಬ್ಬರೂ ಸೇರಿ ನೋಡೋಣ" ಅನ್ನಿ.

ಮಾಡಿ ನೋಡಿ

1. ನಡು ಸಾಲಿನಲ್ಲಿ 6 ಚುಕ್ಕಿ ಇದ್ದರೆ ಒಟ್ಟು ಎಷ್ಟು?
2. ಒಂದು ಹುಣಸೆ ಬೀಜ ಇಡಿ. 3 ಬೀಜ ಸೇರಿಸಿ ಚೌಕ ಮಾಡಿ. ಆಮೇಲೆ 5 ಸೇರಿಸಿ, ಆಮೇಲೆ 7. ಪ್ರತಿ ಸಲವೂ ಚೌಕ ಆಗುತ್ತದೆಯೇ? ಕೊನೆಗೆ ಒಟ್ಟು ಎಷ್ಟು ಬೀಜ?
3. ನಿಮಗೆ ಇಷ್ಟವಾದ ಒಂದು ರಂಗೋಲಿಯ ಚುಕ್ಕಿಗಳನ್ನು ಸಾಲು ಸಾಲಾಗಿ ಅಂಕಿಯಲ್ಲಿ ಬರೆಯಿರಿ. ಮಕ್ಕಳಿಗೆ ಓದಿ ಹೇಳಿ.