ಸರ್ಪಗಂಧದ ಬೇರು

ಕವಿತೆಗಳು ಬೇಕಾದಷ್ಟು ಬಂದಿವೆ, ವಿಜ್ಞಾನದ ಮೇಲೆ ಒಂದಾದರೂ ಲೇಖನ ಕೊಡು ಎಂದು ನಮ್ಮ ಸಂಘದ ಸಂಪಾದಕರು ದುಂಬಾಲು ಬಿದ್ದಿದ್ದಾರೆ. ಫಾರ್ಮಸಿ ಓದುವವನ ಹತ್ತಿರ ಇರುವುದು ಗಿಡಮೂಲಿಕೆಯ ಮಾತೇ. ಆದ್ದರಿಂದ ಒಂದು ಬೇರಿನ ಸಂಗತಿ ಹೇಳುತ್ತೇನೆ. ಅದರ ಮುಖ್ಯ ಅಧ್ಯಾಯವೊಂದು ನಡೆದದ್ದು ನಾವು ದಿನವೂ ಲೋಕಲಿನಲ್ಲಿ ಹಾದುಹೋಗುವ ಪರೇಲಿನಲ್ಲೇ.

ಸರ್ಪಗಂಧ ಕಣಗಿಲೆಯ ಕುಟುಂಬಕ್ಕೆ ಸೇರಿದ ಸಣ್ಣ ಗಿಡ. ಹೆಚ್ಚೆಂದರೆ ಮೊಣಕಾಲಿಂದ ಸೊಂಟದವರೆಗೆ ಬೆಳೆದೀತು. ಎಲೆಗಳು ಮೂರು ನಾಲ್ಕು ಕೂಡಿ ಒಂದೇ ಗೆಣ್ಣಿನ ಸುತ್ತ ಬರುತ್ತವೆ. ಹೂವು ಬಿಳಿ, ಮಾಗಿದ ಹಣ್ಣು ಕಪ್ಪು. ಕನ್ನಡದಲ್ಲಿ ಸೂತ್ರನಾಭಿ ಎಂಬ ಹೆಸರೂ ಉಂಟು. ಶಾಸ್ತ್ರೀಯ ಹೆಸರು ರಾವೋಲ್ಫಿಯಾ ಸರ್ಪೆಂಟಿನಾ. ಈ ರಾವೋಲ್ಫ್ ಎಂಬಾತ 16ನೆಯ ಶತಮಾನದ ಜರ್ಮನ್ ವೈದ್ಯ. ಮಹಾಶಯ ಹಿಂದೂಸ್ಥಾನಕ್ಕೆ ಕಾಲಿಟ್ಟವನೇ ಅಲ್ಲ! ಹೆಸರು ಮಾತ್ರ ನಮ್ಮ ಗಿಡದ ಮೇಲೆ ಕೂತಿದೆ.

ಮುಂಗುಸಿ ಹಾವಿನ ಜೊತೆ ಕಾದಾಡುವ ಮೊದಲು ಈ ಬೇರನ್ನು ತಿಂದು ಬರುತ್ತದೆ ಎಂದು ಅಜ್ಜಿಯರು ಹೇಳುವುದನ್ನು ನೀವೂ ಕೇಳಿರಬೇಕು. ಕೇಳಲು ಸೊಗಸು, ಆದರೆ ನಿಜವಲ್ಲ. ನಾಗರಹಾವಿನ ವಿಷ ಸ್ನಾಯುಗಳಲ್ಲಿ ಯಾವ ಜಾಗಕ್ಕೆ ಹೋಗಿ ಅಂಟಿಕೊಳ್ಳಬೇಕೋ ಆ ಜಾಗದ ರಚನೆಯೇ ಮುಂಗುಸಿಯಲ್ಲಿ ಬೇರೆ. ಬೀಗಕ್ಕೆ ಕೀಲಿ ಹೊಂದುವುದಿಲ್ಲ. ಮನುಷ್ಯನಿಗೆ ಆ ಸೌಭಾಗ್ಯವಿಲ್ಲ. ಹಾವು ಕಚ್ಚಿದವನಿಗೆ ಬೇರು ಅರೆದು ಕೂಡಬಾರದು, ಆಸ್ಪತ್ರೆಗೆ ಒಯ್ದು ಪ್ರತಿವಿಷ ಹಾಕಿಸಬೇಕು.

ಹಾವಿನ ವಿಷಯದಲ್ಲಿ ಸೋತ ಬೇರು ಬೇರೊಂದು ಕಡೆ ಗೆದ್ದಿತು. ಬಿಹಾರದ ಹಳ್ಳಿಗಳಲ್ಲಿ ಇದಕ್ಕೆ ‘ಪಾಗಲ್ ಕೀ ದವಾ’ ಎಂದೇ ಹೆಸರು. ಹುಚ್ಚು ಕೆರಳಿದವರಿಗೆ ಕೊಡುತ್ತಿದ್ದರು, ಅಳುವ ಮಕ್ಕಳನ್ನು ಮಲಗಿಸಲಿಕ್ಕೂ ಕೊಡುತ್ತಿದ್ದರಂತೆ! ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲಿ, ಈ ಬೇರು ಉನ್ಮಾದವನ್ನಷ್ಟೇ ಅಲ್ಲ, ಏರಿದ ರಕ್ತದೊತ್ತಡವನ್ನೂ ಇಳಿಸುತ್ತದೆಂದು ಬರೆದರು. ಅದೇ ವರ್ಷ ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಸಹೋದ್ಯೋಗಿ ರಫತ್ ಹುಸೇನ್ ಸಿದ್ದೀಕಿಯವರೊಡನೆ ಬೇರಿನಿಂದ ಐದು ಆಲ್ಕಲಾಯಿಡುಗಳನ್ನು ಬೇರ್ಪಡಿಸಿದರು. ಒಂದಕ್ಕೆ ತಮ್ಮ ಪೋಷಕ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಆದರೆ ಬೇರಿನ ಜೀವಾಳ ಮಾತ್ರ ಅವರ ಕೈಗೆ ಸಿಗಲಿಲ್ಲ.

ಈ ನಡುವೆ ಹಿಮಾಲಯ ಡ್ರಗ್ ಕಂಪನಿ 1934ರಲ್ಲಿ ‘ಸರ್ಪಿನಾ’ ಎಂಬ ಗುಳಿಗೆ ಹೊರತಂದಿತು. (ಬರ್ಮಾದಲ್ಲಿ ಕೆರಳಿದ ಆನೆಗಳಿಗೆ ಬೇರು ತಿನ್ನಿಸಿ ಶಾಂತ ಮಾಡುವುದನ್ನು ಸ್ಥಾಪಕರು ಕಂಡರೆಂಬುದು ಕಂಪನಿಯೇ ಹೇಳಿಕೊಳ್ಳುವ ಕತೆ. ಡೆಹ್ರಾಡೂನಿನಲ್ಲಿ ಹುಟ್ಟಿದ ಈ ಕಂಪನಿ ಮುಂದೆ ನಮ್ಮ ಬೆಂಗಳೂರಿಗೆ ಬಂದು ನೆಲೆಸಿತು.)

ಇನ್ನು ಪರೇಲಿಗೆ ಬರೋಣ. ಇಲ್ಲಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿದ್ದ ಹೃದಯತಜ್ಞ ಡಾ. ರುಸ್ತಮ್ ಜಾಲ್ ವಕೀಲರು ಈ ಬೇರನ್ನು ವರ್ಷಗಟ್ಟಲೆ ರೋಗಿಗಳಿಗೆ ಕೊಟ್ಟು ನೋಡಿದ್ದರು. 50 ಜನ ರಕ್ತದೊತ್ತಡದ ರೋಗಿಗಳ ಮೇಲೆ ಅದರ ಪರಿಣಾಮವನ್ನು ಅಳೆದು 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದರು. ಅಲ್ಲಿಗೆ ಪಶ್ಚಿಮದವರ ಕಣ್ಣು ತೆರೆಯಿತು. ನಮ್ಮವರು 18 ವರ್ಷ ಮೊದಲೇ ಹೇಳಿದ್ದು ವಿಲಾಯತಿ ಪತ್ರಿಕೆಯಲ್ಲಿ ಅಚ್ಚಾದ ಮೇಲೆಯೇ ಕೇಳಿಸಿತು ಎಂದು ನನಗೆ ಸ್ವಲ್ಪ ಸಿಟ್ಟೂ ಬರುತ್ತದೆ. ಆದರೆ ಇನ್ನೊಂದು ಮಾತೂ ನಿಜ: ‘ಗುಣವಾಗುತ್ತದೆ’ ಎನ್ನುವುದು ಬೇರೆ, ಇಷ್ಟು ಜನರಿಗೆ ಕೊಟ್ಟೆ, ಇಷ್ಟು ಇಳಿಯಿತು ಎಂದು ಲೆಕ್ಕ ಇಡುವುದು ಬೇರೆ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನ ಜೀವಾಳವಾದ ರಿಸರ್ಪಿನ್ ಅನ್ನು ಬೇರ್ಪಡಿಸಿದರು. ವಕೀಲರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತು.

ಇದು ಕೆಲಸ ಮಾಡುವ ಬಗೆ ಹೇಳಲೇಬೇಕು. ನರದ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿವೆ. ಅವುಗಳಲ್ಲಿ ನಾರ್‌ಅಡ್ರಿನಲಿನ್, ಡೋಪಮಿನ್, ಸಿರೊಟೋನಿನ್ ಎಂಬ ರಸಗಳು ದಾಸ್ತಾನಾಗಿರುತ್ತವೆ. ಮಿದುಳಿನಿಂದ ಆಜ್ಞೆ ಬಂದಾಗ ನಾರ್‌ಅಡ್ರಿನಲಿನ್ ಹೊರಬಿದ್ದು ರಕ್ತನಾಳವನ್ನು ಬಿಗಿಮಾಡುತ್ತದೆ. ಚೀಲ ತುಂಬುವುದಕ್ಕೆ ಒಂದು ಪಂಪು ಇದೆ. ರಿಸರ್ಪಿನ್ ಆ ಪಂಪನ್ನೇ ಕೆಡಿಸಿಬಿಡುತ್ತದೆ. ಚೀಲದ ಹೊರಗೆ ಉಳಿದ ರಸವನ್ನು ಕಿಣ್ವಗಳು ನಾಶಮಾಡುತ್ತವೆ. ದಿನೇ ದಿನೇ ದಾಸ್ತಾನು ಖಾಲಿಯಾಗಿ ರಕ್ತನಾಳ ಸಡಿಲುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಪರಿಣಾಮ ಕಾಣಲು ದಿನಗಳೇ ಬೇಕು. ಔಷಧ ನಿಲ್ಲಿಸಿದರೂ ತಟ್ಟನೆ ಹೋಗುವುದಿಲ್ಲ.

ಆದರೆ ಮಿದುಳಿನೊಳಗಿನ ಚೀಲಗಳೂ ಖಾಲಿಯಾಗುತ್ತವಲ್ಲ! 1950ರ ದಶಕದಲ್ಲಿ ದೊಡ್ಡ ಪ್ರಮಾಣ ತೆಗೆದುಕೊಂಡ ಕೆಲವರು ಖಿನ್ನತೆಗೆ ಬಿದ್ದರು, ಆತ್ಮಹತ್ಯೆಯ ಯೋಚನೆಗೂ ಹೋದರು. ಮೂಗು ಕಟ್ಟುವುದು, ತೂಕಡಿಕೆ ಇವಂತೂ ಸಾಮಾನ್ಯ. ಸ್ತನದ ಕ್ಯಾನ್ಸರ್ ಬರುತ್ತದೆಂದು 1974ರಲ್ಲಿ ಎದ್ದ ಗುಲ್ಲನ್ನು ಮುಂದಿನ ಅಧ್ಯಯನಗಳು ಸಮರ್ಥಿಸಲಿಲ್ಲ. ಆ ಹೊತ್ತಿಗೆ ಬೇರೆ ಗುಳಿಗೆಗಳು ಬಂದಿದ್ದವು. ಈಗ ಡಾಕ್ಟರರು ರಿಸರ್ಪಿನ್ ಬರೆದುಕೊಡುವುದು ಅಪರೂಪ.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಬೇರಿನ ಪುಡಿ ಇನ್ನೂ ಮಾರಾಟಕ್ಕಿದೆ. ಡೋಂಬಿವಲಿಯಲ್ಲಿರುವ ನಮ್ಮ ಕಾಕಾ ಸ್ಟೇಷನ್ನಿನ ಹೊರಗೆ ಒಂದು ಪೊಟ್ಟಣ ಕೊಂಡು, ಬಿ.ಪಿ. ಗುಳಿಗೆ ಬಿಟ್ಟುಬಿಡುವ ವಿಚಾರದಲ್ಲಿದ್ದರು.

“ತಮ್ಮಾ, ನೀ ಔಷಧದ ಕಾಲೇಜಿನ್ಯಾಗ ಕಲಿಯಾಂವ. ಗುಳಿಗಿ ಅಂದ್ರ ಕೆಮಿಕಲ್ಲು, ಇದು ಬೇರು. ಬೇರಿನ್ಯಾಗ ಏನ್ ಕೆಡಕ ಇರತೈತಿ?”

“ಕಾಕಾ, ಬೇರಿನ್ಯಾಗೂ ಕೆಮಿಕಲ್ಲ ಇರೋದು. ಗುಳಿಗ್ಯಾಗ ಎಷ್ಟೈತಿ ಅಂತ ಮ್ಯಾಲ ಬರದಿರತಾರ. ಈ ಪುಡಿಯೊಳಗ ಎಷ್ಟೈತಿ ಅಂತ ಮಾರಾಂವಗೂ ಗೊತ್ತಿಲ್ರಿ.”

ರಿಸರ್ಪಿನ್ ಗುಳಿಗೆಯ ಅಳತೆ ಕಾಲು ಮಿಲಿಗ್ರಾಂ, ಅಥವಾ ಇನ್ನೂ ಕಡಿಮೆ. ಬೇರಿನಲ್ಲಿ ಅದು ಎಷ್ಟಿದೆ ಎನ್ನುವುದು ಗಿಡದ ವಯಸ್ಸು, ನೆಲ, ಕಿತ್ತ ಕಾಲ ಇವುಗಳ ಮೇಲೆ ಹೋಗುತ್ತದೆ. ಇಂದಿನ ಚಮಚ ನಾಳೆಯ ಚಮಚಕ್ಕೆ ಸಮವಲ್ಲ. ಗುಳಿಗೆಯ ಜೊತೆಗೇ ನುಂಗಿದರೆ ಒತ್ತಡ ಅತಿಯಾಗಿ ಇಳಿದೀತು, ಗುಳಿಗೆ ಬಿಟ್ಟರೆ ಅತಿಯಾಗಿ ಏರೀತು. ಮನಸ್ಸು ಕುಗ್ಗುವ ಕಾಯಿಲೆ ಒಮ್ಮೆ ಬಂದವರಂತೂ ಇದನ್ನು ಮುಟ್ಟಬಾರದು. ಕಾಕಾ ಪೊಟ್ಟಣ ತೆಗೆದುಕೊಂಡು ಡಾಕ್ಟರರ ಹತ್ತಿರ ಹೋದರು. ಗುಳಿಗೆ ಮುಂದುವರಿದಿದೆ.

ರೋಗಿಗಳಿಂದ ದೂರವಾದರೂ ಪ್ರಯೋಗಶಾಲೆಯಲ್ಲಿ ರಿಸರ್ಪಿನ್ ದೊಡ್ಡ ಉಪಕಾರ ಮಾಡಿದೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ಇದನ್ನು ಕೊಟ್ಟಾಗ ಅವು ಕಿವಿ ಜೋತುಬಿಟ್ಟು ಮಿಸುಕದೆ ಕೂತವು. ಆಮೇಲೆ ಎಲ್-ಡೋಪಾ ಕೊಟ್ಟರೆ ಕಿವಿ ನಿಮಿರಿಸಿ ಎದ್ದವು! ಮಿದುಳಿಗೆ ಡೋಪಮಿನ್ ಏಕೆ ಬೇಕೆಂದು ತಿಳಿದದ್ದೂ, ಕೈ ನಡುಗುವ ಪಾರ್ಕಿನ್ಸನ್ ರೋಗಕ್ಕೆ ಔಷಧ ಸಿಕ್ಕದ್ದೂ ಈ ದಾರಿಯಲ್ಲಿ. 2000ದ ನೊಬೆಲ್ ಪ್ರಶಸ್ತಿಯಲ್ಲಿ ಕಾರ್ಲ್‌ಸನ್ನರಿಗೂ ಪಾಲು ಬಂತು. ಪಶುವೈದ್ಯರೂ ಇದನ್ನು ಬಿಟ್ಟಿಲ್ಲ. ಮಹಾಧಮನಿ ಒಡೆದು ಸಾಯುತ್ತಿದ್ದ ಟರ್ಕಿ ಕೋಳಿಗಳಿಗೆ ಅಮೆರಿಕದಲ್ಲಿ ಮೇವಿನಲ್ಲಿ ಬೆರೆಸಿ ಕೊಟ್ಟರು; ಬೆದರುವ ಕುದುರೆಗಳಿಗೂ ಕೊಟ್ಟರು. ಕುದುರೆಗಳ ಸ್ಪರ್ಧೆಯಲ್ಲಿ ಮಾತ್ರ ಇದು ನಿಷಿದ್ಧ.

ಕೊನೆಗೆ ಗಿಡದ ಪಾಡು. ಔಷಧ ಇರುವುದು ಬೇರಿನ ಸಿಪ್ಪೆಯಲ್ಲಿ. ಬೇರು ಕಿತ್ತರೆ ಗಿಡ ಸತ್ತಿತು. ಕಾಡಿನಲ್ಲಿ ಅಷ್ಟು ಕಿತ್ತದ್ದರಿಂದ 1990ರಲ್ಲಿ ಸರ್ಪಗಂಧವನ್ನು ಅಂತಾರಾಷ್ಟ್ರೀಯ ವ್ಯಾಪಾರದ ನಿರ್ಬಂಧ ಇರುವ ಸಸ್ಯಗಳ ಪಟ್ಟಿಗೆ ಸೇರಿಸಿದರು. ಕಾರ್ಖಾನೆಗಳು ಆಫ್ರಿಕದ ಇನ್ನೊಂದು ರಾವೋಲ್ಫಿಯಾದ ಬೇರಿಗೆ ಕೈಹಾಕಿದವು. ನಮ್ಮಲ್ಲಿ ಬೇಲಿ ಪಾಳುಗಳಲ್ಲಿ ಬೆಳೆಯುವ, ಅಮೆರಿಕದ ಕಡೆಯಿಂದ ಬಂದ ಅದರ ಒಬ್ಬ ದಾಯಾದಿ ಇದೆ, ರಾವೋಲ್ಫಿಯಾ ಟೆಟ್ರಾಫಿಲ್ಲಾ ಎಂದು. ಪೇಟೆಯಲ್ಲಿ ಸರ್ಪಗಂಧದ ಬೇರಿಗೆ ಅದನ್ನು ಕಲಬೆರಕೆ ಮಾಡುವುದುಂಟು, ಮತ್ತು ಪುಡಿ ಮಾಡಿದ ಮೇಲೆ ಬರಿಗಣ್ಣಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ.